ಗದ್ದಲ ಕಳೆಯುವ ಪುಟ್ಟ ಪೆಟ್ಟಿಗೆ

ಹವ್ಯಾಸಿ ರೇಡಿಯೊ ನಡೆಸುವ ಹ್ಯಾಮ್‌ಗಳ ಪೈಕಿ 160 ಮೀಟರ್ ಬ್ಯಾಂಡಿನ ಹುಚ್ಚು ಹತ್ತಿಸಿಕೊಂಡವರದು ಬೇರೆಯೇ ಪಂಗಡ. 1.8 ಮೆಗಾಹರ್ಟ್ಸ್ ಆಸುಪಾಸಿನ ಈ ಅಲೆಗಳು ಹಗಲಿನಲ್ಲಿ ಅಯಾನುಗೋಳದ ಕೆಳಪದರದಲ್ಲೇ ಹೀರಿಹೋಗುತ್ತವೆ. ಕತ್ತಲಾದ ಮೇಲೆ ಅದೇ ಅಲೆಗಳು ಸಾವಿರಾರು ಕಿಲೊಮೀಟರ್ ದಾಟುತ್ತವೆ. ಕಷ್ಟವೆಂದರೆ, ಅವುಗಳ ಜೊತೆಗೇ ದೂರದೂರದ ಮಿಂಚುಗಳ ಚಟಪಟವೂ ನೆರೆಮನೆಯ ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್‌ಗಳ ಗೊರಗೊರ ಸದ್ದೂ ಬಂದು ಸೇರುತ್ತವೆ. ಬೇಕಾದ ಮೋರ್ಸ್ ದನಿ ಈ ಗದ್ದಲದ ಅಡಿಯಲ್ಲಿ ಹೂತಿರುತ್ತದೆ.

ದೊಡ್ಡ ಆಂಟೆನಾ ಕಟ್ಟಿದರೆ ದನಿಯ ಜೊತೆಗೆ ಗದ್ದಲವೂ ಅಷ್ಟೇ ಜೋರಾಗುತ್ತದೆ. ಈ ಬ್ಯಾಂಡಿನಲ್ಲಿ ರಿಸೀವರಿನ ಒಳಗೆ ಹುಟ್ಟುವ ಸದ್ದಿಗಿಂತ ಹೊರಗಿನಿಂದ ಬರುವ ಸದ್ದು ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಕೇಳುವ ಆಂಟೆನಾ ದುರ್ಬಲವಾಗಿದ್ದರೂ ಚಿಂತೆಯಿಲ್ಲ. ಒಂದು ದಿಕ್ಕಿಗೆ ಕಿವಿಗೊಟ್ಟು ಉಳಿದ ದಿಕ್ಕುಗಳಿಗೆ ಕಿವುಡಾಗಿರುವುದು ಮುಖ್ಯ.

ಇದರ ಬೆಲೆ 1921ರಲ್ಲೇ ಗೊತ್ತಾಗಿತ್ತು. ಅಮೆರಿಕದ ಹವ್ಯಾಸಿಗಳ ಸಂಕೇತ ಅಟ್ಲಾಂಟಿಕ್ ದಾಟಬಲ್ಲದೇ ಎಂದು ನೋಡಲು ಪಾಲ್ ಗಾಡ್ಲಿ ಆ ವರ್ಷ ಸ್ಕಾಟ್ಲೆಂಡಿನ ಆರ್ಡ್ರೋಸನ್ ಬಳಿ ಡೇರೆ ಹಾಕಿದರು. ಅಲ್ಲಿ ಅವರು ಎಳೆದದ್ದು ಸುಮಾರು 400 ಮೀಟರ್ ಉದ್ದದ, ನೆಲದಿಂದ ಹೆಚ್ಚು ಎತ್ತರವಿಲ್ಲದ ತಂತಿ. ಹೆರಾಲ್ಡ್ ಬೆವರೇಜ್ ಕಂಡುಹಿಡಿದ ಈ ಆಂಟೆನಾ ತಂತಿಯ ನೇರಕ್ಕೆ ಬರುವ ಅಲೆಗಳನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. ಡಿಸೆಂಬರಿನ ಕೆಟ್ಟ ಹವೆಯಲ್ಲಿ ಕೂತ ಗಾಡ್ಲಿಗೆ ಕನೆಕ್ಟಿಕಟ್‌ನ ಗ್ರೀನಿಚ್‌ನಿಂದ 1ಬಿಸಿಜಿ ಕೇಂದ್ರದ ಸಂದೇಶ ಸ್ಪಷ್ಟವಾಗಿ ಕೇಳಿತು.

ಆದರೆ 400 ಮೀಟರ್ ಬಯಲು ಎಷ್ಟು ಮಂದಿಗೆ ಸಿಕ್ಕೀತು? ಜಾಗ ಕಡಿಮೆಯಿದ್ದವರು ಹಿಡಿದ ದಾರಿ ಆಂಟೆನಾಗಳ ಅರೇ: ಆರೇಳು ಮೀಟರ್ ಎತ್ತರದ ಎರಡು, ನಾಲ್ಕು ಅಥವಾ ಎಂಟು ಕಂಬಗಳ ಗುಂಪು. ಫೋಟೊಗಳಲ್ಲಿ ಕಂಬಗಳೇ ಎದ್ದು ಕಾಣುತ್ತವೆ. ದಿಕ್ಕನ್ನು ಆರಿಸುವ ಕೆಲಸ ಮಾತ್ರ ಅವುಗಳ ಕೇಬಲ್‌ಗಳು ಬಂದು ಕೂಡುವ ಪೆಟ್ಟಿಗೆಯೊಳಗೆ, ಕಂಬೈನರಿನಲ್ಲಿ ನಡೆಯುತ್ತದೆ.

ಅತಿ ಸರಳವಾದ ಎರಡು ಕಂಬಗಳ ಅರೇಯನ್ನೇ ನೋಡಬಹುದು. ಪೂರ್ವ-ಪಶ್ಚಿಮವಾಗಿ 20 ಮೀಟರ್ ಅಂತರದಲ್ಲಿ ಎರಡು ಕಂಬಗಳಿವೆ. ಪಶ್ಚಿಮದ ದನಿ ಬೇಕು, ಪೂರ್ವದ ಗದ್ದಲ ಬೇಡ. ಪೂರ್ವದಿಂದ ನೆಲಕ್ಕೆ ಸಮಾನಾಂತರವಾಗಿ ಬರುವ ಅಲೆ ಮೊದಲು ಪೂರ್ವದ ಕಂಬವನ್ನು ಮುಟ್ಟಿ, ಸುಮಾರು 67 ನ್ಯಾನೊಸೆಕೆಂಡ್ ಕಳೆದು ಪಶ್ಚಿಮದ ಕಂಬವನ್ನು ತಲುಪುತ್ತದೆ. ಪೂರ್ವದ ಕಂಬದ ಸಂಕೇತವನ್ನು ಅಷ್ಟೇ ಹೊತ್ತು ತಡೆದು ನಿಲ್ಲಿಸಿದರೆ ಎರಡೂ ಒಟ್ಟಿಗೆ ಪೆಟ್ಟಿಗೆ ಸೇರುತ್ತವೆ. ತಡೆಯುವುದು ಸುಲಭ. ಕೇಬಲಿನೊಳಗೆ ಅಲೆಯ ವೇಗ ಬೆಳಕಿನ ವೇಗದ ಶೇ 66ರಷ್ಟಿದ್ದರೆ 13.2 ಮೀಟರ್ ಹೆಚ್ಚುವರಿ ಕೇಬಲ್ ಸಾಕು. ಆಮೇಲೆ ಒಂದು ಸಂಕೇತದ ಧನ-ಋಣಗಳನ್ನು ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಅದಲುಬದಲು ಮಾಡಿದರೆ ಪೂರ್ವದ ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಪಶ್ಚಿಮದಿಂದ ಬಂದದ್ದು ಪೂರ್ವದ ಕಂಬವನ್ನು ತಡವಾಗಿ ಮುಟ್ಟಿ, ಕೇಬಲಿನಲ್ಲಿ ಇನ್ನೊಮ್ಮೆ ತಡವಾಗುತ್ತದೆ. ಹಾಗಾಗಿ ಅದು ಅಳಿಯದೆ, 1.83 ಮೆಗಾಹರ್ಟ್ಸ್‌ನಲ್ಲಿ ಒಂದೇ ಕಂಬ ಕೊಡುವುದರ ಸುಮಾರು 1.4 ಪಟ್ಟು ವೋಲ್ಟೇಜಿನಲ್ಲಿ ಉಳಿಯುತ್ತದೆ.

ಎರಡು ಕೇಬಲ್‌ಗಳ ತುದಿಗಳನ್ನು ಸುಮ್ಮನೆ ಹೆಣೆದುಬಿಟ್ಟರೆ ಆಗದೇ? ಆಗದು. ಒಂದು ಕಂಬದ ಸಂಕೇತ ಇನ್ನೊಂದರ ಕೇಬಲಿಗೆ ನುಗ್ಗಿ ಅಲ್ಲಿಂದ ಮರಳಿ ಬರುತ್ತದೆ. ಒಂದು ಕಂಬದಲ್ಲಿ ಏನಾದರೂ ಬದಲಾದರೆ ಇನ್ನೊಂದರ ಲೆಕ್ಕವೂ ಕೆಡುತ್ತದೆ. ಒಳ್ಳೆಯ ಕಂಬೈನರ್ ಎರಡನ್ನೂ ಕೂಡಿಸುತ್ತದೆ, ಆದರೆ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುತ್ತದೆ.

ಅರ್ನೆಸ್ಟ್ ವಿಲ್ಕಿನ್ಸನ್ 1960ರಲ್ಲಿ ಪ್ರಕಟಿಸಿದ ವಿನ್ಯಾಸ ಈ ಕೆಲಸಕ್ಕೆ ಹೆಸರುವಾಸಿ. ಅದಕ್ಕೆ ಕೇಬಲಿನೊಳಗಿನ ಅಲೆಯುದ್ದದ ಕಾಲು ಭಾಗದಷ್ಟು ಉದ್ದದ ಕೇಬಲ್‌ಗಳು ಬೇಕು. 160 ಮೀಟರ್ ಬ್ಯಾಂಡಿನಲ್ಲಿ ಒಂದೊಂದೂ ಸುಮಾರು 27 ಮೀಟರ್ ಆಗುತ್ತದೆ! ಅದರ ಬದಲು ಹ್ಯಾಮ್‌ಗಳು ಬೆರಳ ತುದಿಯಷ್ಟು ಫೆರೈಟ್ ತುಂಡಿಗೆ ತಂತಿ ಸುತ್ತುತ್ತಾರೆ. ಸುರುಳಿಯ ಎರಡು ತುದಿಗಳಿಗೆ 50 ಓಮ್‌ನ ಎರಡು ಕೇಬಲ್‌ಗಳು, ಆ ತುದಿಗಳ ನಡುವೆ 100 ಓಮ್‌ನ ರೆಸಿಸ್ಟರ್. ಸುರುಳಿಯ ನಟ್ಟನಡುವಿನಿಂದ ರಿಸೀವರಿನ ದಾರಿ. ಅಲ್ಲಿ ಸಿಗುವ 25 ಓಮ್ ಅನ್ನು 50ಕ್ಕೆ ಏರಿಸಲು ಇನ್ನೊಂದು ಟ್ರಾನ್ಸ್‌ಫಾರ್ಮರ್. ಎರಡೂ ಕಡೆಯಿಂದ ಸಮಸಮನಾಗಿ ಬಂದ ಸಂಕೇತ ರೆಸಿಸ್ಟರಿಗೆ ಕಾಣುವುದೇ ಇಲ್ಲ, ಪೂರ್ತಿ ರಿಸೀವರಿಗೆ ಹೋಗುತ್ತದೆ. ಒಂದೇ ಕಡೆಯಿಂದ ಬಂದರೆ ಅರ್ಧ ಶಕ್ತಿ ರೆಸಿಸ್ಟರಿನ ಪಾಲು. ಒಂದಕ್ಕೊಂದು ತದ್ವಿರುದ್ಧವಾಗಿ ಬಂದದ್ದಂತೂ ಅದರಲ್ಲೇ ಮುಗಿಯುತ್ತದೆ. ಪೂರ್ವದ ಅಷ್ಟೂ ಗದ್ದಲ ಒಂದು ಅಗ್ಗದ ರೆಸಿಸ್ಟರಿನಲ್ಲಿ, ಅಳೆಯಲಾಗದಷ್ಟು ಸಣ್ಣ ಬಿಸಿಯಾಗಿ ಇಲ್ಲವಾಗುವುದು ಈ ವಿದ್ಯೆಯ ಅತ್ಯಂತ ಸುಂದರ ಸಂಗತಿ.

ಅಳಿಸುವ ಕೆಲಸಕ್ಕೆ ಕರಾರುವಾಕ್ಕುತನ ಬೇಕು. ಎರಡು ಸಂಕೇತಗಳ ಪ್ರಮಾಣದಲ್ಲಿ ಶೇ 10ರಷ್ಟು ವ್ಯತ್ಯಾಸವಿದ್ದರೆ, ಒಂದೇ ಕಂಬ ಕೊಡುವ ಬೇಡದ ಶಕ್ತಿಯ ನೂರರಲ್ಲೊಂದು ಪಾಲು ಉಳಿದುಬಿಡುತ್ತದೆ. ಶೇ 1ಕ್ಕೆ ಇಳಿಸಿದರೆ ಹತ್ತು ಸಾವಿರದಲ್ಲೊಂದು. ಕೇಬಲ್ ಉದ್ದದಲ್ಲಿ 30 ಸೆಂಟಿಮೀಟರ್ ತಪ್ಪಿದರೆ ಅಲೆಯ ಹೊಂದಿಕೆ 1 ಡಿಗ್ರಿ ತಪ್ಪುತ್ತದೆ. ಹೀಗಾಗಿ ಕಂಬೈನರ್ ಕಟ್ಟಿದವರು ಮೊದಲು ಮಾಡುವ ಪರೀಕ್ಷೆ ಇದು: ಒಂದೇ ಜನರೇಟರಿನ ಸಂಕೇತವನ್ನು ಎರಡೂ ದ್ವಾರಗಳಿಗೆ, ಒಂದನ್ನು ತಿರುವುಮುರುವಾಗಿಸಿ, ಕೊಡುವುದು. ಹೊರಗೆ ಉಳಿದದ್ದು ಎಷ್ಟು ಕಡಿಮೆಯೋ ಪೆಟ್ಟಿಗೆ ಅಷ್ಟು ಒಳ್ಳೆಯದು.

ಇದೇ ವಿದ್ಯೆಯ ದೈತ್ಯ ರೂಪ ಕರ್ನಾಟಕದಲ್ಲೇ ಇತ್ತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ 1000 ಡೈಪೋಲ್ ಆಂಟೆನಾಗಳಿದ್ದವು. ಪೂರ್ವ-ಪಶ್ಚಿಮ ತೋಳೊಂದೇ ಸುಮಾರು 1.4 ಕಿಲೊಮೀಟರ್. ಅದು ಕೇಳುತ್ತಿದ್ದ 34.5 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಬರೀ 8.7 ಮೀಟರ್. ಅಲ್ಲಿ ಕೇಬಲ್ 30 ಸೆಂಟಿಮೀಟರ್ ತಪ್ಪಿದರೆ ಹೊಂದಿಕೆ ಸುಮಾರು 19 ಡಿಗ್ರಿ ಕೆಡುತ್ತದೆ. ಅಷ್ಟು ಡೈಪೋಲ್‌ಗಳನ್ನು ಹೊಂದಿಸಿ ಆಕಾಶದ ನಕ್ಷೆ ತೆಗೆದದ್ದು ಸಣ್ಣ ಸಾಧನೆಯಲ್ಲ.

ಈಚೆಗೆ ಕೆಲವು ಹ್ಯಾಮ್‌ಗಳು ಪ್ರತಿ ಆಂಟೆನಾದ ಸಂಕೇತವನ್ನೂ ನೇರವಾಗಿ ಅಂಕಿಗಳಾಗಿಸಿ, ಕೂಡುವ-ಕಳೆಯುವ ಕೆಲಸವನ್ನು ಕಂಪ್ಯೂಟರಿಗೆ ಬಿಡುತ್ತಿದ್ದಾರೆ. ಆಗ ಒಂದೇ ರಾತ್ರಿಯ ಧ್ವನಿಮುದ್ರಣವನ್ನು ಬೆಳಿಗ್ಗೆ ಬೇರೆ ದಿಕ್ಕಿಗೆ ತಿರುಗಿಸಿ ಮತ್ತೆ ಕೇಳಬಹುದು. ಆದರೆ ಎಲ್ಲ ಚಾನೆಲ್‌ಗಳೂ ಒಂದೇ ಗಡಿಯಾರದ ಮಿಡಿತಕ್ಕೆ ನಡೆಯಬೇಕು. ಕಂಬಗಳಿಂದ ಬರುವ ಕೇಬಲ್‌ಗಳನ್ನು ಆಗಲೂ ಅಳೆದೇ ಕತ್ತರಿಸಬೇಕು, ಇಲ್ಲವೇ ಅವುಗಳ ವ್ಯತ್ಯಾಸವನ್ನು ಅಳೆದು ಲೆಕ್ಕದಲ್ಲಿ ಸರಿಪಡಿಸಬೇಕು.