ನಿರಾಶ್ರಿತರ ಮನಃಕ್ಲೇಶ ಮತ್ತು ಸುಲಭಲಭ್ಯವಾದ ಆಪ್ತಸಲಹೆ

ಯುದ್ಧಭೀತಿಯಿಂದ ತಾಯ್ನಾಡನ್ನು ತೊರೆದು ಬಂದವರಿಗೆ ಅನ್ನ, ವಸತಿಗಳಂತೆಯೇ ಮನಸ್ಸಿಗೂ ಆಸರೆ ಬೇಕೆಂಬುದು ನಿರ್ವಿವಾದ. ಆದರೆ ಆ ಆಸರೆಯು ಅವರ ಕೈಗೆ ಎಟಕುವ ಬಗೆ ಯಾವುದು? ಮನೋವೈದ್ಯರು ವಿರಳ, ಇರುವವರಿಗೂ ನಿರಾಶ್ರಿತರ ಭಾಷೆ ಬಾರದು. ಆದುದರಿಂದ ಈ ಪ್ರಶ್ನೆಯನ್ನು ನಾವು ಒಂದು ನಿದರ್ಶನದ ಮೂಲಕ ವಿವೇಚಿಸುವೆವು.

2013ರ ಡಿಸೆಂಬರಿನಲ್ಲಿ ದಕ್ಷಿಣ ಸುಡಾನಿನಲ್ಲಿ ಅಂತರ್ಯುದ್ಧವು ತಲೆದೋರಲು, ಲಕ್ಷಾಂತರ ಜನರು ನೆರೆಯ ಉಗಾಂಡಾವನ್ನು ಸೇರಿದರು. ಅಲ್ಲಿಯ ರೈನೋ ಕ್ಯಾಂಪ್ ವಸತಿಪ್ರದೇಶದ 14 ಹಳ್ಳಿಗಳಲ್ಲಿ 694 ನಿರಾಶ್ರಿತ ಸ್ತ್ರೀಯರನ್ನೊಳಗೊಂಡು ನಡೆದ ಪ್ರಯೋಗದ ಫಲಿತಾಂಶವು 2020ರಲ್ಲಿ ಪ್ರಕಟವಾಯಿತು. ಪ್ರಯೋಗಿಸಿದ ಕ್ರಮವು ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ್ದು. ಸ್ತ್ರೀಯರು ಗುಂಪುಗುಂಪಾಗಿ ಐದು ಸಲ ಕಲೆತು, ತಮಗೆ ತಿಳಿಯುವ ಜೂಬಾ ಅರಬ್ಬಿಯಲ್ಲಿ ಧ್ವನಿಮುದ್ರಿತವಾದ ಪಾಠಗಳನ್ನು ಕೇಳುವರು. ಓದುಬರಹ ಅರಿಯದವರಿಗೂ ಅರ್ಥವಾಗುವಂತಹ ಚಿತ್ರಪುಸ್ತಕವೊಂದು ಅವರ ಕೈಯಲ್ಲಿರುವುದು. ಸಭೆಯನ್ನು ನಡೆಸುವವರು ವೈದ್ಯರಲ್ಲ, ಅಲ್ಪಕಾಲದ ಶಿಕ್ಷಣವನ್ನು ಪಡೆದ ಸಾಮಾನ್ಯರು.

ದುಃಖದ ನೆನಪುಗಳನ್ನು ಬಲವಂತವಾಗಿ ಅಟ್ಟಿಬಿಡಿರೆಂದು ಈ ಪಾಠವು ಹೇಳುವುದಿಲ್ಲ. ಅವು ಬಂದಾಗ ಗುರುತಿಸಿ, ಕಾಲಡಿಯ ನೆಲದತ್ತ, ಉಸಿರಿನತ್ತ, ಕೈಯಲ್ಲಿರುವ ಕೆಲಸದತ್ತ ಗಮನವನ್ನು ಮರಳಿ ತರುವ ಅಭ್ಯಾಸವನ್ನು ಕಲಿಸುವುದು. ಸಾಮಾನ್ಯ ನೆರವನ್ನು ಮಾತ್ರ ಪಡೆದವರಿಗಿಂತ ಈ ಸ್ತ್ರೀಯರ ಕ್ಲೇಶವು ಹೆಚ್ಚಾಗಿ ತಗ್ಗಿತು. ಮೂರು ತಿಂಗಳ ತರುವಾಯ ಅಂತರವು ಕಿರಿದಾದರೂ ಅಳಿಯಲಿಲ್ಲ.

ತೀವ್ರ ಮನೋವ್ಯಾಧಿಗೆ ಇದು ಚಿಕಿತ್ಸೆಯಲ್ಲ. ಅಂಥವರಿಗೆ ವೈದ್ಯರೇ ಬೇಕು. ಕಳೆದುಕೊಂಡ ಮನೆ, ಬಂಧುಗಳನ್ನೂ ಇದು ಹಿಂದಿರುಗಿಸಲಾರದು. ಆದರೂ ಸಲಹೆಯ ಸೌಲಭ್ಯವನ್ನು ವೈದ್ಯರ ಸಂಖ್ಯೆಯೊಂದರಿಂದಲೇ ಅಳೆಯಲಾಗದೆಂಬುದು ಇದರಿಂದ ವಿದಿತವಾಗುತ್ತದೆ. ಕೇಳುವವರ ಭಾಷೆಯಲ್ಲಿ, ಅವರಿರುವ ಎಡೆಗೇ ಬಂದ ಸಲಹೆಯು ಮಾತ್ರ ಅವರಿಗೆ ದೊರೆತ ಸಲಹೆಯೆಂದು ನಾವು ಭಾವಿಸುತ್ತೇವೆ.