ಚೀಟಿ ಹಲವು, ಯಕೃತ್ತು ಒಂದೇ

ಕ್ಷಯರೋಗ ಪತ್ತೆಯಾದವರಿಗೆ ಮೊದಲ ಎರಡು ತಿಂಗಳು ಕೊಡುವ ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧಿಗಳಿರುತ್ತವೆ: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್. 50ರಿಂದ 64 ಕಿಲೋ ತೂಕದವರು ದಿನಕ್ಕೆ ಇಂಥ ನಾಲ್ಕು ಮಾತ್ರೆ ನುಂಗಬೇಕು. ಅಸಂಖ್ಯ ಜೀವಗಳನ್ನು ಉಳಿಸಿದ ಚಿಕಿತ್ಸೆ ಇದು. ಆದರೆ ನಾಲ್ಕರ ಪೈಕಿ ಮೊದಲ ಮೂರೂ ಯಕೃತ್ತಿಗೆ, ಅಂದರೆ ಲಿವರ್‌ಗೆ, ಪೆಟ್ಟು ಕೊಡಬಲ್ಲವು. ಎಲ್ಲರಿಗೂ ಹಾಗಾಗುವುದಿಲ್ಲ. ಆದವರಲ್ಲಿ ಬೇಗ ಗೊತ್ತಾದರೆ ಬಹುಪಾಲು ಮಂದಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ತಡವಾದರೆ ಪ್ರಾಣವೇ ಹೋಗಬಹುದು.

ಇದು ದೂರದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಹೋದ್ಯೋಗಿಗಳು 1997ರಿಂದ 2008ರವರೆಗೆ ಔಷಧಿಯಿಂದಲೇ ಯಕೃತ್ತು ಕೆಟ್ಟು ಬಂದ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ 58ರಷ್ಟು ಮಂದಿಗೆ ಕ್ಷಯದ ಔಷಧಿಗಳ ಜೋಡಣೆಯೇ ಕಾರಣವಾಗಿತ್ತು. ಮೂರ್ಛೆರೋಗದ ಔಷಧಿಗಳದ್ದು ಎರಡನೇ ಸ್ಥಾನ. ಒಟ್ಟು ರೋಗಿಗಳಲ್ಲಿ ಶೇ 17ರಷ್ಟು ಮಂದಿ ಉಳಿಯಲಿಲ್ಲ.

ಸೇರಿದಾಗ ಆಗುವುದೇನು?

ನಾವು ನುಂಗುವ ಹೆಚ್ಚಿನ ಔಷಧಿಗಳನ್ನು ಒಡೆದು ಹೊರಹಾಕುವ ಕೆಲಸ ಯಕೃತ್ತಿನದು. ಅದಕ್ಕಾಗಿ ಅದರ ಜೀವಕೋಶಗಳಲ್ಲಿ ಕಿಣ್ವಗಳ ಒಂದು ಪಡೆಯೇ ಇದೆ. ಕೆಲವು ಔಷಧಿಗಳು ಈ ಕಿಣ್ವಗಳನ್ನು ತಡೆಯುತ್ತವೆ, ಆಗ ಇನ್ನೊಂದು ಔಷಧಿ ರಕ್ತದಲ್ಲೇ ಉಳಿದು ಅದರ ಮಟ್ಟ ಏರುತ್ತದೆ. ಕೆಲವು ಔಷಧಿಗಳು ಕಿಣ್ವಗಳನ್ನು ಚುರುಕುಗೊಳಿಸುತ್ತವೆ, ಆಗ ಇನ್ನೊಂದು ಔಷಧಿ ಒಡೆಯುವಾಗ ಹುಟ್ಟುವ ವಿಷಕಾರಿ ತುಣುಕುಗಳು ಹೆಚ್ಚುತ್ತವೆ. ರಿಫಾಂಪಿಸಿನ್ ಎರಡನೆಯ ಗುಂಪಿನದು. ಅದರ ಜೊತೆಗಿರುವ ಐಸೋನಿಯಜಿಡ್ ಒಡೆದಾಗ ಹೈಡ್ರಜೀನ್ ಎಂಬ ವಿಷ ಹೆಚ್ಚಾಗಿ ಹುಟ್ಟುತ್ತದೆ. ಐಸೋನಿಯಜಿಡ್ಡನ್ನು ಹುಟ್ಟಿನಿಂದಲೇ ನಿಧಾನವಾಗಿ ಅರಗಿಸುವ ದೇಹಪ್ರಕೃತಿಯವರಿಗೆ ಅಪಾಯ ಇನ್ನೂ ಹೆಚ್ಚು. ವಯಸ್ಸಾದವರು, ಪೌಷ್ಟಿಕ ಆಹಾರವಿಲ್ಲದೆ ಸೊರಗಿದವರು, ಮದ್ಯಪಾನಿಗಳು, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇರುವವರು ಕೂಡ ಇದೇ ಸಾಲಿನಲ್ಲಿದ್ದಾರೆ.

ಜೋಡಣೆಯ ಅಪಾಯವನ್ನು ಜಗತ್ತು ಕಷ್ಟಪಟ್ಟು ಕಲಿತಿದೆ. ಕ್ಷಯದ ಸೋಂಕು ತಗುಲಿದ್ದರೂ ರೋಗ ಇನ್ನೂ ಕಾಣಿಸಿಕೊಳ್ಳದವರಿಗೆ ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಎರಡನ್ನೇ ಎರಡು ತಿಂಗಳು ಕೊಡಬಹುದೆಂದು 2000ದಲ್ಲಿ ಅಮೆರಿಕದ ತಜ್ಞರು ಶಿಫಾರಸು ಮಾಡಿದ್ದರು. ಹಳೆಯ ಕ್ರಮದಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಿದ್ದುದರಿಂದ ಇದು ದೊಡ್ಡ ಅನುಕೂಲವೆಂದೇ ತೋರಿತು. ಮರುವರ್ಷವೇ ಯಕೃತ್ತು ಕೈಕೊಟ್ಟು ಸತ್ತವರ ವರದಿಗಳು ಬಂದವು. 2003ರ ಹೊತ್ತಿಗೆ, ಸಾಮಾನ್ಯವಾಗಿ ಈ ಜೋಡಿಯನ್ನು ಇಂಥವರಿಗೆ ಕೊಡಕೂಡದು ಎಂಬ ಸೂಚನೆ ಹೊರಬಿತ್ತು.

ಮೂರ್ಛೆರೋಗದ ವಾಲ್‌ಪ್ರೋಯೇಟ್ ಇನ್ನೊಂದು ಪಾಠ. ಅಮೆರಿಕದಲ್ಲಿ 1978ರಿಂದ 1984ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿದಾಗ, ಈ ಔಷಧಿಯೊಂದನ್ನೇ ಪಡೆಯುತ್ತಿದ್ದವರಲ್ಲಿ ಯಕೃತ್ತು ಕೆಟ್ಟು ಸತ್ತವರು ಸುಮಾರು 37,000ಕ್ಕೆ ಒಬ್ಬರು. ಇದರ ಜೊತೆ ಫಿಟ್ಸ್‌ನ ಬೇರೆ ಔಷಧಿಗಳನ್ನೂ ಪಡೆಯುತ್ತಿದ್ದ, ಎರಡು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 500ಕ್ಕೆ ಒಬ್ಬರು. ವಯಸ್ಸು ಮತ್ತು ಜೋಡಣೆ ಎರಡೂ ಸೇರಿ ಅಪಾಯವನ್ನು ಎಷ್ಟು ಮೇಲಕ್ಕೇರಿಸಬಲ್ಲವು ಎಂಬುದಕ್ಕೆ ಈ ಲೆಕ್ಕ ಸಾಕು.

ಯಾರಿಗೂ ಕಾಣದ ಪೂರ್ತಿ ಪಟ್ಟಿ

ಮೇಲಿನ ಉದಾಹರಣೆಗಳಲ್ಲಿ ಜೋಡಣೆ ವೈದ್ಯರ ಕಣ್ಣೆದುರೇ ಇತ್ತು. ನಮ್ಮ ಊರುಗಳಲ್ಲಿ ಹೆಚ್ಚು ಭಯ ಹುಟ್ಟಿಸುವುದು ಯಾರೊಬ್ಬರ ಕಣ್ಣಿಗೂ ಪೂರ್ತಿಯಾಗಿ ಬೀಳದ ಜೋಡಣೆ. ಸಕ್ಕರೆ ಕಾಯಿಲೆಗೆ ಒಬ್ಬ ಡಾಕ್ಟರು, ಮಂಡಿನೋವಿಗೆ ಇನ್ನೊಬ್ಬರು, ಕ್ಷಯಕ್ಕೆ ಸರ್ಕಾರಿ ಆರೋಗ್ಯ ಕೇಂದ್ರ, ಜ್ವರ ಬಂದರೆ ಬೀದಿಯ ಕೊನೆಯ ಮೆಡಿಕಲ್ ಶಾಪು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ರೋಗಿಯನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಹೇಳಬೇಕೆಂದು ರೋಗಿಗೂ ತೋಚುವುದಿಲ್ಲ.

ಪ್ಯಾರಾಸಿಟಮಾಲನ್ನೇ ನೋಡಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಜ್ವರಕ್ಕೆಂದು 650 ಮಿಲಿಗ್ರಾಂ ಮಾತ್ರೆ, ನೆಗಡಿಗೆಂದು ಬೇರೆ ಹೆಸರಿನ ಮಾತ್ರೆ, ಮೈಕೈ ನೋವಿಗೆಂದು ಮೂರನೆಯದು ತೆಗೆದುಕೊಂಡವರಿಗೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದೆಂಬುದು ತಿಳಿದಿರುವುದಿಲ್ಲ. ಅತಿಯಾದಾಗ ಅದರಿಂದ ಹುಟ್ಟುವ ವಿಷವಸ್ತು ಯಕೃತ್ತಿನ ರಕ್ಷಕವಾದ ಗ್ಲುಟಾಥಯೋನನ್ನು ಬರಿದು ಮಾಡಿ ಜೀವಕೋಶಗಳನ್ನು ಕೊಲ್ಲುತ್ತದೆ. ಐಸೋನಿಯಜಿಡ್ ಮತ್ತು ದಿನನಿತ್ಯದ ಮದ್ಯ ಈ ವಿಷ ಹುಟ್ಟಿಸುವ ಕಿಣ್ವವನ್ನೇ ಹೆಚ್ಚಿಸುತ್ತವೆ. ಹೀಗಾಗಿ ಕ್ಷಯದ ಮಾತ್ರೆ ನುಂಗುತ್ತಿರುವವರು ಸಾಮಾನ್ಯ ಜ್ವರದ ಗುಳಿಗೆಯನ್ನೂ ಕೇಳಿಯೇ ತೆಗೆದುಕೊಳ್ಳಬೇಕು.

ಕಾಮಾಲೆ ಬಂದಾಗ ನಡೆಯುವುದು ಇನ್ನೂ ನೋವಿನ ಸಂಗತಿ. ಕಣ್ಣು ಹಳದಿಯಾದರೆ ನಾಟಿ ಔಷಧಿಗೆ ಓಡುವುದು ನಮ್ಮಲ್ಲಿ ರೂಢಿ. ಸೊಪ್ಪಿನ ರಸ ಕುಡಿದು, ಪಥ್ಯ ಹಿಡಿದು ಕೂತವರು, ಯಕೃತ್ತಿಗೆ ಪೆಟ್ಟು ಕೊಡುತ್ತಿರುವ ಮಾತ್ರೆಯನ್ನು ಅದರ ಜೊತೆಗೇ ನುಂಗುತ್ತಿರುತ್ತಾರೆ. ಕಾಮಾಲೆ ಬಂದ ಮೇಲೂ ಕಾರಣವಾದ ಔಷಧಿ ಮುಂದುವರಿದರೆ ಬದುಕುವ ದಾರಿ ಕಿರಿದಾಗುತ್ತ ಹೋಗುತ್ತದೆ. ಔಷಧಿಯಿಂದ ಯಕೃತ್ತಿನ ಜೀವಕೋಶಗಳು ಹಾಳಾಗಿ ಕಾಮಾಲೆ ಕಾಣಿಸಿಕೊಂಡರೆ ಹತ್ತರಲ್ಲಿ ಸುಮಾರು ಒಬ್ಬರು ಸಾಯಬಹುದು ಎಂದು ಅಮೆರಿಕದ ತಜ್ಞ ಹೈಮನ್ ಝಿಮ್ಮರ್‌ಮನ್ ದಶಕಗಳ ಹಿಂದೆಯೇ ಎಚ್ಚರಿಸಿದ್ದರು.

ಹಳದಿಗೂ ಮೊದಲೇ ಬರುವ ಸೂಚನೆ

ಕಣ್ಣು ಹಳದಿಯಾಗುವವರೆಗೆ ಕಾಯಬೇಕಿಲ್ಲ. ಊಟ ಸೇರದಿರುವುದು, ಓಕರಿಕೆ, ವಾಂತಿ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಿಪರೀತ ಸುಸ್ತು, ಕಂದು ಬಣ್ಣದ ಮೂತ್ರ ಇವೆಲ್ಲ ಮೊದಲೇ ಕಾಣಿಸಬಹುದು. ಕ್ಷಯದ ಚಿಕಿತ್ಸೆಯಲ್ಲಿ ಹೆಚ್ಚಿನ ತೊಂದರೆಗಳು ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ಈ ಲಕ್ಷಣಗಳು ಕಂಡರೆ ಮುಂದಿನ ಮಾತ್ರೆಗೆ ಮೊದಲು, ಅದೇ ದಿನ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ತಿಳಿಸಬೇಕು. ಎಲ್‌ಎಫ್‌ಟಿ ಎಂಬ ರಕ್ತಪರೀಕ್ಷೆ ಯಕೃತ್ತಿಗೆ ಪೆಟ್ಟಾಗಿದೆಯೇ ಎಂಬುದರ ಸುಳಿವು ಕೊಡುತ್ತದೆ. ಲಕ್ಷಣಗಳಿದ್ದು ರಕ್ತದಲ್ಲಿ ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ, ಲಕ್ಷಣಗಳಿಲ್ಲದೆಯೂ ಐದು ಪಟ್ಟು ದಾಟಿದರೆ, ಔಷಧಿ ನಿಲ್ಲಿಸುತ್ತಾರೆ. ಯಕೃತ್ತು ಸುಧಾರಿಸಿದ ಮೇಲೆ ಒಂದೊಂದನ್ನೇ ಮತ್ತೆ ಆರಂಭಿಸುತ್ತಾರೆ. ಅಲ್ಪಸ್ವಲ್ಪ ಏರಿಕೆ ಹಲವರಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಹೆದರಿ ಕ್ಷಯದ ಚಿಕಿತ್ಸೆಯನ್ನೇ ಕೈಬಿಡುವುದು ದೊಡ್ಡ ತಪ್ಪು. ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಬರಬಹುದು.

ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ. ಕಷಾಯ, ಚೂರ್ಣ, ಪುಡಿಗಳೂ ಅದರಲ್ಲಿರಲಿ. ಯಾವ ಡಾಕ್ಟರ ಬಳಿ ಹೋದರೂ ಅದನ್ನು ಮುಂದಿಡಿ. ಓದಲು ಬಾರದವರು ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಲಿ. ಆದರೆ ಈ ಹೊಣೆಯನ್ನು ರೋಗಿಯೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಚೀಟಿ ಬರೆಯುವ ವೈದ್ಯರು, ಮಾತ್ರೆ ಕೊಡುವ ಔಷಧಿ ಅಂಗಡಿಯವರು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಪ್ರತಿಯೊಬ್ಬರೂ ಪ್ರತಿ ಸಲವೂ ಕೇಳಬೇಕು: ಇದರ ಜೊತೆ ಇನ್ನೇನು ತೆಗೆದುಕೊಳ್ಳುತ್ತಿದ್ದೀರಿ? ಅರ್ಧ ನಿಮಿಷದ ಈ ಪ್ರಶ್ನೆಗೆ ಯಾವ ಯಂತ್ರವೂ ಬೇಡ, ಖರ್ಚೂ ಇಲ್ಲ. ಇದನ್ನು ಕೇಳದೆ ಹೋದ ಕಾರಣಕ್ಕೆ ನಮ್ಮಲ್ಲಿ ಯಾರೂ ಸಾಯಬಾರದು.