ಅಣುವನ್ನು ತೂಗುವ ಬಗೆ: ಕನ್ನಡದಲ್ಲೇ ತಿಳಿಯುವ ಪಾಠ

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಮುಂದೆ ವಿಜ್ಞಾನ ತಲೆಗೆ ಹತ್ತೀತೇ? ನೀವು ಮಂಜೇಶ್ವರದವರಿರಲಿ, ತಾಳವಾಡಿಯವರಿರಲಿ, ಅಕ್ಕಲಕೋಟೆಯವರಿರಲಿ, ಮಗುವನ್ನು ಕನ್ನಡ ಶಾಲೆಗೆ ಸೇರಿಸಿದ ದಿನದಿಂದ ಈ ಪ್ರಶ್ನೆ ಕೇಳಿಯೇ ಇರುತ್ತೀರಿ. ಕಾಲೇಜು ಮಟ್ಟದ ಒಂದು ವಿಷಯವನ್ನೇ ಎತ್ತಿಕೊಂಡು ನೋಡೋಣ.

ತರಕಾರಿಯಲ್ಲಿ ಎಂಡೋಸಲ್ಫಾನಿನಂಥ ಕೀಟನಾಶಕ ಉಳಿದಿದೆಯೇ ಎಂದು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಬಳಸುತ್ತಾರೆ. ಇದು ಅಣುಗಳ ತಕ್ಕಡಿ. ಆದರೆ ಅಣುವನ್ನು ತಟ್ಟೆಯಲ್ಲಿಟ್ಟು ತೂಗಲಾಗದು. ಮೊದಲು ಅದಕ್ಕೆ ವಿದ್ಯುದಂಶ ಕೊಟ್ಟು ಅಯಾನು ಮಾಡಬೇಕು. ಆಗಲೇ ಅದನ್ನು ಕಾಂತಕ್ಷೇತ್ರದಲ್ಲಿ ಬಾಗಿಸಬಹುದು. ವಿದ್ಯುದಂಶ ಸಮವಾಗಿದ್ದರೆ ಹಗುರ ಅಯಾನು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ. ಬಾಗಿದ ಅಳತೆಯಿಂದ ದ್ರವ್ಯರಾಶಿ ತಿಳಿಯುತ್ತದೆ.

ಅಯಾನು ಮಾಡುವ ಬಗೆ ಹಲವು. ಸುಲಭವಾಗಿ ಆವಿಯಾಗುವ ಚಿಕ್ಕ ಅಣುವಿಗೆ ಎಲೆಕ್ಟ್ರಾನುಗಳಿಂದ ಹೊಡೆದರೆ ಸಾಕು. ಸಾಮಾನ್ಯವಾಗಿ 70 ಎಲೆಕ್ಟ್ರಾನ್ ವೋಲ್ಟಿನ ಆ ಹೊಡೆತಕ್ಕೆ ಅಣುವಿನ ಒಂದು ಎಲೆಕ್ಟ್ರಾನು ಕಿತ್ತುಹೋಗುತ್ತದೆ. ಎಷ್ಟೋ ಸಲ ಅಣುವೇ ಒಡೆಯುತ್ತದೆ. ಚೂರುಗಳ ತೂಕ ನೋಡಿ ಮೂಲ ವಸ್ತು ಯಾವುದೆಂದು ಗುರುತಿಸುತ್ತಾರೆ.

ಪ್ರೋಟೀನಿನಂಥ ದೊಡ್ಡ ಅಣುವಿಗೆ ಈ ಉಪಾಯ ನಡೆಯದು. ಕಾಯಿಸಿದರೆ ಆವಿಯಾಗುವ ಮೊದಲೇ ಅದು ಕೆಡುತ್ತದೆ. ಅಮೆರಿಕದ ಜಾನ್ ಫೆನ್ ಪ್ರೋಟೀನಿನ ದ್ರಾವಣವನ್ನು ಹೆಚ್ಚು ವೋಲ್ಟೇಜಿನ ಸೂಜಿಯಿಂದ ತುಂತುರಾಗಿ ಚಿಮ್ಮಿಸಿದರು; ಹನಿ ಆರಿದಂತೆ ಅಣು ಅಯಾನಾಗಿ ಉಳಿಯಿತು. ಜಪಾನಿನ ಕೊಯಿಚಿ ತನಾಕಾ ಕೋಬಾಲ್ಟಿನ ನಯವಾದ ಪುಡಿ, ಗ್ಲಿಸರಿನ್‌ಗಳ ಜೊತೆ ಪ್ರೋಟೀನು ಬೆರೆಸಿ ಲೇಸರ್ ಹಾಯಿಸಿದರು. ಲೇಸರಿನ ಶಕ್ತಿಯನ್ನು ಪುಡಿ ಹೀರಿಕೊಂಡಿತು, ಪ್ರೋಟೀನು ಒಡೆಯದೆ ಮೇಲೆದ್ದಿತು. 2002ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ತನಾಕಾ ಆಗ ಶಿಮಾಡ್ಜು ಕಂಪನಿಯ ನೌಕರ, ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿಯವರೆಗೆ. ತೊಯಾಮಾದಲ್ಲಿ ಅವರ ಶಾಲೆಯ ಪಾಠವೆಲ್ಲ ನಡೆದದ್ದು ತಾಯ್ನುಡಿ ಜಪಾನಿಯಲ್ಲಿ.

ಅಯಾನು, ದ್ರವ್ಯರಾಶಿ, ಕಾಂತಕ್ಷೇತ್ರ: ಮೇಲಿನ ಪಾಠಕ್ಕೆ ಬೇಕಾದ ಈ ಪದಗಳೆಲ್ಲ ನಿಮ್ಮ ಮಗುವಿನ ಪುಸ್ತಕದಲ್ಲೇ ಇವೆ. ಹನ್ನೊಂದನೇ ತರಗತಿಯಲ್ಲಿ ಮಗು ಎಡವುವುದು ವಿಷಯ ತಿಳಿಯದೆ ಅಲ್ಲ, ತಿಳಿದ ವಿಷಯಕ್ಕೇ ಹೊಸ ಹೆಸರು ಬಂದಾಗ. ಆದ್ದರಿಂದ ಎಂಟನೇ ತರಗತಿಯಿಂದಲೇ ಒಂದು ನೋಟುಪುಸ್ತಕ ಇಡಿಸಿ. ಎಡಕ್ಕೆ ದ್ರವ್ಯರಾಶಿ, ಬಲಕ್ಕೆ ಮಾಸ್. ಎಡಕ್ಕೆ ಕಾಂತಕ್ಷೇತ್ರ, ಬಲಕ್ಕೆ ಮ್ಯಾಗ್ನೆಟಿಕ್ ಫೀಲ್ಡ್. ದಿನಕ್ಕೆರಡು ಪದ ಸಾಕು. ಬರೆದ ಮೇಲೆ ಅದರ ಅರ್ಥವನ್ನು ಮನೆಮಾತಿನಲ್ಲಿ ನಿಮಗೆ ಹೇಳಲಿ. ನಿಮಗೆ ಅರ್ಥವಾಯಿತೆಂದರೆ, ಮಗುವಿಗೂ ಪಾಠ ಅರ್ಥವಾಗಿದೆ ಎಂದೇ ತಿಳಿಯಿರಿ.